ಕೂಸೂ ಬರಲಿ, ಸಾಲ ಬೇಡ

ನಾವು ದುಡಿಯುತ್ತೇವೆ. ಹೊಲದಲ್ಲಿ ದುಡಿಯುತ್ತೇವೆ. ಮನೆಯಲ್ಲೂ ದುಡಿಯುತ್ತೇವೆ. ಕೋಳಿ ಕೂಗುವ ಮೊದಲೇ ಏಳುತ್ತೇವೆ. ಎಲ್ಲರೂ ಮಲಗಿದ ಮೇಲೆ ಮಲಗುತ್ತೇವೆ. ವರ್ಷಕ್ಕೆ ಒಂದು ದಿನ ಮನೆಮಂದಿಯೆಲ್ಲ ಕೂಡಿ ಎಲ್ಲಿಗಾದರೂ ಹೋಗಿ, ನಕ್ಕು ನಲಿದು ಬರೋಣ ಅನ್ನಿಸುತ್ತದೆ. ಹಾಗೆ ಅನ್ನಿಸುವುದು ತಪ್ಪೇ? ತಪ್ಪಲ್ಲ.

ಆದರೆ ಪ್ರವಾಸದ ಮಾತು ಎತ್ತಿದ ಕೂಡಲೆ ಎರಡು ಮಾತು ಕೇಳಿಬರುತ್ತವೆ. "ದುಡ್ಡೆಲ್ಲಿದೆ?" ಇದು ಒಂದನೆಯ ಮಾತು. "ಕೂಸು ಕಟ್ಟಿಕೊಂಡು ಎಲ್ಲಿಗೆ ಬರ್ತೀಯ? ನೀನು ಮನೇಲೇ ಇರು." ಇದು ಎರಡನೆಯ ಮಾತು. ಹೀಗೆ ಎಷ್ಟೋ ತಾಯಂದಿರು ಮನೆಯಲ್ಲೇ ಉಳಿಯುತ್ತಾರೆ. ಇಲ್ಲವೇ ಸಾಲ ಮಾಡಿ ಹೋಗುತ್ತಾರೆ. ಒಂದು ದಿನದ ಸಂತೋಷಕ್ಕೆ ಆರು ತಿಂಗಳು ಕಂತು ಕಟ್ಟುತ್ತಾರೆ.

ಎರಡೂ ಬೇಡ. ಕೂಸನ್ನೂ ಕರೆದುಕೊಂಡು ಹೋಗೋಣ. ಸಾಲವನ್ನೂ ಮಾಡದೆ ಇರೋಣ. ಇದಕ್ಕೆ ಬೇಕಾದ್ದು ಒಂದು ಹಾಳೆ, ಒಂದು ಪೆನ್ಸಿಲು. ಈಗ ನಮಗೆ ಓದಲು ಬರುತ್ತದೆ. ಬರೆಯಲು ಬರುತ್ತದೆ. ಕೂಡುವ ಲೆಕ್ಕ ಬರುತ್ತದೆ. ಬನ್ನಿ, ಹೇಗೆ ಅಂತ ನೋಡೋಣ.

ಥೀಮ್ ಪಾರ್ಕು ಎಂದರೇನು?

ಜಾತ್ರೆಯಲ್ಲಿ ನಾವು ರಾಟೆ ತೊಟ್ಟಿಲು ನೋಡಿದ್ದೇವೆ. ಜಾತ್ರೆ ಮುಗಿದರೆ ತೊಟ್ಟಿಲೂ ಹೋಗುತ್ತದೆ. ಅಂಥ ಆಟಗಳನ್ನು ಒಂದೇ ಕಡೆ, ವರ್ಷವಿಡೀ ನಡೆಸಿದರೆ ಅದು ಮೋಜಿನ ಪಾರ್ಕು. ಥೀಮ್ ಎಂದರೆ ಒಂದು ವಿಷಯ. ಯಾವುದಾದರೂ ಒಂದು ಕಥೆ ಅಥವಾ ವಿಷಯ ಇಟ್ಟುಕೊಂಡು ಇಡೀ ಜಾಗವನ್ನು ಕಟ್ಟಿದರೆ ಅದು ಥೀಮ್ ಪಾರ್ಕು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಾಲ್ಟ್ ಡಿಸ್ನಿ ಎಂಬುವರು 1955ರಲ್ಲಿ ಇಂಥ ಪಾರ್ಕು ತೆರೆದರು. ಅದರ ಹೆಸರು ಡಿಸ್ನಿಲ್ಯಾಂಡ್. ನಮ್ಮ ದೇಶದಲ್ಲಿ 1984ರಲ್ಲಿ ದೆಹಲಿಯಲ್ಲಿ ಅಪ್ಪು ಘರ್ ಶುರುವಾಯಿತು. 1982ರ ಏಷ್ಯನ್ ಕ್ರೀಡಾಕೂಟದ ಗುರುತು ಒಂದು ಆನೆಮರಿ. ಅದರ ಹೆಸರು ಅಪ್ಪು. ಅದೇ ಹೆಸರನ್ನು ಪಾರ್ಕಿಗೂ ಇಟ್ಟರು. ಆ ಪಾರ್ಕು 2008ರಲ್ಲಿ ಮುಚ್ಚಿತು.

ನಮ್ಮ ಕರ್ನಾಟಕದಲ್ಲೂ ಇಂಥ ಜಾಗಗಳಿವೆ. ಬಿಡದಿ ಹತ್ತಿರ ವಂಡರ್‌ಲಾ ಇದೆ. ಅದು 2005ರಲ್ಲಿ ಶುರುವಾಯಿತು. ಅಲ್ಲಿ ದೊಡ್ಡ ದೊಡ್ಡ ತಿರುಗುವ ಆಟಗಳು, ನೀರಿನ ಆಟಗಳು ಇವೆ. ಹಾವೇರಿ ಜಿಲ್ಲೆ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಇದೆ. ಅದರ ವಿಷಯ ನಮ್ಮದೇ ಹಳ್ಳಿಯ ಬದುಕು. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ಅದನ್ನು ರೂಪಿಸಿದರು. ಅಲ್ಲಿನ ಮೂರ್ತಿಗಳು ಆಳೆತ್ತರ ಇವೆ. ರಾಮನಗರದ ಹತ್ತಿರ ಜಾನಪದ ಲೋಕ ಇದೆ. ಅದನ್ನು ಕಟ್ಟಿದವರು ಎಚ್.ಎಲ್. ನಾಗೇಗೌಡರು. ಮೈಸೂರಿನ ಮೃಗಾಲಯವಂತೂ 1892ರಿಂದ ಇದೆ.

ಯಾವುದಕ್ಕೆ ಹೋಗುವುದು?

ಇಲ್ಲಿ ಸ್ವಲ್ಪ ಯೋಚನೆ ಮಾಡಬೇಕು. ದೊಡ್ಡ ಆಟಗಳ ಪಾರ್ಕಿನಲ್ಲಿ ಸಾಮಾನ್ಯವಾಗಿ ಗೇಟಿನಲ್ಲೇ ಒಂದು ದೊಡ್ಡ ಟಿಕೆಟು. ಒಬ್ಬರ ಟಿಕೆಟ್ಟೇ ಸಾವಿರ ರೂಪಾಯಿ ದಾಟಬಹುದು. ಒಳಗೆ ಎಷ್ಟು ಆಟ ಬೇಕಾದರೂ ಆಡಬಹುದು. ಆಡದೆ ಇದ್ದವರೂ ಟಿಕೆಟಿನ ಹಣ ಕೊಡಲೇಬೇಕು.

ಈಗ ನೋಡಿ. ಕೂಸು ಆ ಆಟಗಳಿಗೆ ಹತ್ತುವಂತಿಲ್ಲ. ಕೂಸು ಎತ್ತಿಕೊಂಡ ತಾಯಿಯೂ ಹತ್ತುವಂತಿಲ್ಲ. ಬಸುರಿಯರು ಹತ್ತಲೇಬಾರದು. ಈಚೆಗೆ ಹೆರಿಗೆ ಆದವರು, ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಹತ್ತಬಾರದು. ವಯಸ್ಸಾದ ಅತ್ತೆ "ನನಗೆ ತಲೆ ತಿರುಗ್ತದೆ" ಅನ್ನುತ್ತಾರೆ. ಕೊನೆಗೆ ಆಡುವವರು ಎಷ್ಟು ಮಂದಿ? ಇಬ್ಬರೋ ಮೂವರೋ. ಹಣ ಕೊಟ್ಟವರು ಮಾತ್ರ ಎಲ್ಲರೂ.

ಅದಕ್ಕೇ ಮನೆಯಲ್ಲಿ ಎಳೆಕೂಸು ಇರುವ ವರ್ಷ ಬೇರೆ ಬಗೆಯ ಜಾಗ ಒಳ್ಳೆಯದು. ನಡೆದು ನೋಡುವಂಥ ಜಾಗ. ಮರದ ನೆರಳು ಇರುವ ಜಾಗ. ಬೇಕಾದ ಆಟಕ್ಕೆ ಮಾತ್ರ ಬೇರೆ ಟಿಕೆಟು ಕೊಂಡು ಆಡುವ ಜಾಗ. ಕೂಸು ಬೆಳೆದು ಓಡಾಡುವಂತಾದ ಮೇಲೆ ದೊಡ್ಡ ಪಾರ್ಕಿಗೆ ಹೋದರಾಯಿತು. ಪಾರ್ಕು ಎಲ್ಲೂ ಓಡಿಹೋಗುವುದಿಲ್ಲ.

ದೊಡ್ಡ ಪಾರ್ಕಿಗೇ ಹೋಗಬೇಕು ಅಂತ ಮನೆಯವರು ತೀರ್ಮಾನ ಮಾಡಿದರೆ ಮೊದಲೇ ಫೋನು ಮಾಡಿ ಕೇಳಬೇಕು. ಕೂಸಿಗೆ ಟಿಕೆಟು ಇದೆಯೇ? ಮಕ್ಕಳಿಗೆ, ವಯಸ್ಸಾದವರಿಗೆ ರಿಯಾಯಿತಿ ಇದೆಯೇ? ಯಾವ ದಿನ ದರ ಕಡಿಮೆ? ತೆರಿಗೆ ಸೇರಿ ಎಷ್ಟು? ಕೆಲವು ಪಾರ್ಕುಗಳಲ್ಲಿ ಮಗುವಿನ ವಯಸ್ಸು ಕೇಳುವುದಿಲ್ಲ. ಎತ್ತರ ಅಳೆಯುತ್ತಾರೆ. ಹಾಗಾಗಿ ಮಗುವನ್ನು ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳತೆ ಮಾಡಿಕೊಳ್ಳುವುದು ಒಳ್ಳೆಯದು.

ಯಾವಾಗ ಹೋಗುವುದು?

ಬೇಸಿಗೆಯ ಬಿಸಿಲು ಕೂಸಿಗೆ ಆಗದು. ಏಪ್ರಿಲ್, ಮೇ ತಿಂಗಳು ಬೇಡ. ನವೆಂಬರಿನಿಂದ ಫೆಬ್ರವರಿವರೆಗೆ ಹವೆ ತಂಪು. ಭಾನುವಾರ, ಹಬ್ಬದ ದಿನ ಜನ ಜಾಸ್ತಿ. ನಡುವಾರದಲ್ಲಿ ಜನ ಕಡಿಮೆ. ಶಾಲೆಗೆ ರಜೆ ಇರುವ ವಾರದ ದಿನ ಸಿಕ್ಕರೆ ತುಂಬಾ ಒಳ್ಳೆಯದು. ಆದರೆ ಆ ದಿನ ಗೇಟು ತೆರೆದಿರುತ್ತದೆಯೇ ಅಂತ ತಿಳಿದುಕೊಳ್ಳಿ. ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ. ತಿಳಿಯದೆ ಹೋದರೆ ಗೇಟು ನೋಡಿ ವಾಪಸು ಬರಬೇಕಾಗುತ್ತದೆ.

ಇನ್ನೊಂದು ಮಾತು. ಜನ ಸೇರುವ ಕಡೆ ಕೂಸಿಗೆ ರೋಗ ಬೇಗ ತಗಲುತ್ತದೆ. ತಾಯಿ ಕಾರ್ಡು ತೆಗೆದು ನೋಡಿ. ಹಾಕಿಸಬೇಕಾದ ಚುಚ್ಚುಮದ್ದು ಹಾಕಿಸಿದ್ದೇವೆಯೇ? ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ ಮತ್ತು ರುಬೆಲ್ಲಾ ಚುಚ್ಚುಮದ್ದು ಹಾಕುತ್ತಾರೆ. ಅದು ಬಾಕಿ ಇದ್ದರೆ ಮೊದಲು ಹಾಕಿಸಿ. ಕೂಸಿಗೆ ಜ್ವರ, ಭೇದಿ ಇದ್ದರೆ ಪ್ರವಾಸ ಮುಂದಕ್ಕೆ ಹಾಕಿ.

ಬಸ್ಸಿನ ಲೆಕ್ಕ

2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ ಶಕ್ತಿ ಯೋಜನೆ ಇದೆ. ಇದರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿನ ಹಣ ಇಲ್ಲ. ಸಾಮಾನ್ಯ ಬಸ್ಸು ಮತ್ತು ವೇಗದೂತ ಬಸ್ಸಿಗೆ ಇದು ಅನ್ವಯ. ರಾಜಹಂಸ, ಐರಾವತ, ಮಲಗುವ ಬಸ್ಸು ಇವಕ್ಕೆ ಇಲ್ಲ. ಆಧಾರ್ ಕಾರ್ಡು ಜೊತೆಗಿರಲಿ. ಹಣ ಇಲ್ಲದಿದ್ದರೂ ಟಿಕೆಟು ಪಡೆಯಲೇಬೇಕು. ಅದರಲ್ಲಿ ಸೊನ್ನೆ ರೂಪಾಯಿ ಅಂತ ಇರುತ್ತದೆ. ಓದಿ ನೋಡಿ.

ಗಂಡಸರಿಗೆ ಪೂರ್ತಿ ಟಿಕೆಟು. 6 ವರ್ಷ ತುಂಬದ ಮಕ್ಕಳಿಗೆ ಟಿಕೆಟು ಇಲ್ಲ. 6ರಿಂದ 12 ವರ್ಷದ ಗಂಡು ಮಕ್ಕಳಿಗೆ ಅರ್ಧ ಟಿಕೆಟು.

ಬಸ್ಸು ಹತ್ತುವ ಮುಂಚೆ ಕಂಡಕ್ಟರನ್ನು ಕೇಳಬೇಕು. ಬೆಂಗಳೂರು ಮೈಸೂರು ನಡುವಿನ ಹೊಸ ಹೆದ್ದಾರಿ 2023ರಲ್ಲಿ ಉದ್ಘಾಟನೆ ಆಯಿತು. ಅದು ಬಿಡದಿ, ರಾಮನಗರ ಊರುಗಳ ಹೊರಗಿನಿಂದ ಹೋಗುತ್ತದೆ. ನೇರ ಹೋಗುವ ಬಸ್ಸು ಆ ಊರುಗಳಲ್ಲಿ ನಿಲ್ಲದೆ ಹೋಗಬಹುದು. "ಊರೊಳಗೆ ಹೋಗ್ತದಾ?" ಅಂತ ಕೇಳಿಯೇ ಹತ್ತಿ.

ಖರ್ಚಿನ ಪಟ್ಟಿ ಬರೆಯೋಣ

ಒಂದು ಮನೆ ಅಂದುಕೊಳ್ಳೋಣ. ಗಂಡ, ಹೆಂಡತಿ, ಅತ್ತೆ, ಏಳು ವರ್ಷದ ಮಗ, ಎಂಟು ತಿಂಗಳ ಕೂಸು. ಒಟ್ಟು ಐದು ಜನ. ಬೆಳಗ್ಗೆ ಹೋಗಿ ರಾತ್ರಿ ಮನೆಗೆ ಬರುತ್ತಾರೆ. ಕೆಳಗಿನ ಅಂಕಿಗಳು ಲೆಕ್ಕ ಕಲಿಯಲು ಮಾತ್ರ. ನಿಮ್ಮ ಊರಿನ ದರ ಕೇಳಿ ನೀವು ಬರೆದುಕೊಳ್ಳಿ.

ಬಸ್ಸು, ಗಂಡನಿಗೆ ಹೋಗಿ ಬರಲು: 300 ರೂಪಾಯಿ
ಬಸ್ಸು, ಮಗನಿಗೆ ಅರ್ಧ ಟಿಕೆಟು: 150 ರೂಪಾಯಿ
ಬಸ್ಸು, ಹೆಂಡತಿ, ಅತ್ತೆ, ಕೂಸು: 0
ಬಸ್ ನಿಲ್ದಾಣದಿಂದ ಆಟೋ, ಹೋಗಿ ಬರಲು: 200 ರೂಪಾಯಿ
ಗೇಟಿನ ಟಿಕೆಟು, ದೊಡ್ಡವರು ಮೂವರಿಗೆ: 300 ರೂಪಾಯಿ
ಗೇಟಿನ ಟಿಕೆಟು, ಮಗನಿಗೆ: 50 ರೂಪಾಯಿ
ಚಹಾ, ತಿಂಡಿ: 250 ರೂಪಾಯಿ
ಮಗನ ಆಟ, ಆಟಿಕೆ: 150 ರೂಪಾಯಿ
ಕೂಸಿನ ಖರ್ಚು: 100 ರೂಪಾಯಿ

ಕೂಡಿ ನೋಡಿ. 1500 ರೂಪಾಯಿ ಆಯಿತು. ಇದಕ್ಕೆ ಆಪತ್ತಿನ ಹಣ 300 ರೂಪಾಯಿ ಸೇರಿಸಿ. ಒಟ್ಟು 1800 ರೂಪಾಯಿ. ಆಪತ್ತಿನ ಹಣವನ್ನು ಬೇರೆ ಗಂಟು ಕಟ್ಟಿ ಇಡಬೇಕು. ಐಸ್‌ಕ್ರೀಮಿಗೆ ಅದನ್ನು ಬಿಚ್ಚಬಾರದು.

ಇದೇ ಮನೆ ದೊಡ್ಡ ಪಾರ್ಕಿಗೆ ಹೋದರೆ? ತಲೆಗೆ ಸಾವಿರ ಅಂತ ಇಟ್ಟುಕೊಂಡರೂ ನಾಲ್ಕು ಜನರ ಗೇಟಿನ ಟಿಕೆಟ್ಟೇ 4000 ರೂಪಾಯಿ. ಅಲ್ಲಿಗೇ ಮುಗಿಯುವುದಿಲ್ಲ. ಸೀರೆ ಉಟ್ಟು ನೀರಿನ ಆಟಕ್ಕೆ ಇಳಿಯಲು ಹೆಚ್ಚಿನ ಕಡೆ ಬಿಡುವುದಿಲ್ಲ. ಬೇರೆ ಬಟ್ಟೆ ಕೊಳ್ಳಬೇಕು. ಸಾಮಾನು ಇಡುವ ಪೆಟ್ಟಿಗೆಗೆ ಬಾಡಿಗೆ ಕೊಡಬೇಕು. ಹೊರಗಿನ ಊಟ ಒಳಗೆ ಬಿಡದಿದ್ದರೆ ಅಲ್ಲೇ ಕೊಂಡು ತಿನ್ನಬೇಕು. ಇವು ಕಣ್ಣಿಗೆ ಕಾಣದ ಖರ್ಚು. ಮೊದಲೇ ಬರೆದುಕೊಂಡರೆ ಕಣ್ಣಿಗೆ ಕಾಣುತ್ತವೆ.

ಹಣ ಎಲ್ಲಿಂದ?

1800 ರೂಪಾಯಿ ಒಂದೇ ಸಲ ತೆಗೆಯುವುದು ಕಷ್ಟ. ದಿನಕ್ಕೆ 20 ರೂಪಾಯಿ ಡಬ್ಬಿಗೆ ಹಾಕೋಣ. 90 ದಿನಕ್ಕೆ ಎಷ್ಟಾಯಿತು? 20ನ್ನು 90ರಿಂದ ಗುಣಿಸಿ. 1800 ರೂಪಾಯಿ! ಮೂರು ತಿಂಗಳಿಗೆ ಪ್ರವಾಸದ ಹಣ ಸಿದ್ಧ. ದಿನಕ್ಕೆ 10 ರೂಪಾಯಿ ಆದರೆ ಆರು ತಿಂಗಳು. ತಡವಾದರೆ ತೊಂದರೆ ಇಲ್ಲ.

ಡಬ್ಬಿಗೆ ನಾವೊಬ್ಬರೇ ಹಾಕಬೇಕೇ? ಪ್ರವಾಸ ಎಲ್ಲರದು. ಗಂಡ ಎಲೆ ಅಡಿಕೆ, ಬೀಡಿ ಖರ್ಚಿನಲ್ಲಿ ಉಳಿಸಿ ಹಾಕಲಿ. ಮಗ ಚಾಕೊಲೇಟಿನ ಹಣ ಹಾಕಲಿ. ಎಷ್ಟು ಬಿತ್ತು ಅಂತ ಮಗನ ಕೈಲೇ ಬರೆಸಿ. ಅವನಿಗೂ ಲೆಕ್ಕ ಬರುತ್ತದೆ.

ಸಂಘದಲ್ಲಿ ಸಾಲ ತೆಗೆದು ಪ್ರವಾಸ ಹೋಗಬೇಡಿ. ಎಮ್ಮೆಗೆ ಸಾಲ ತೆಗೆದರೆ ಹಾಲು ಬರುತ್ತದೆ. ಹೊಲಿಗೆ ಯಂತ್ರಕ್ಕೆ ತೆಗೆದರೆ ಕೂಲಿ ಬರುತ್ತದೆ. ಪ್ರವಾಸದ ಸಾಲಕ್ಕೆ ಬಡ್ಡಿ ಮಾತ್ರ ಬರುತ್ತದೆ. ಬರಬೇಕಾದ ಹಣ ನೆಚ್ಚಿಕೊಂಡು ದಿನ ಗೊತ್ತು ಮಾಡುವುದೂ ಬೇಡ. ಕೈಗೆ ಬಂದ ಹಣಕ್ಕೆ ಮಾತ್ರ ಲೆಕ್ಕ ಹಾಕಿ.

ಕೂಸಿನ ಚೀಲ

ಕೂಸಿಗೆ ಬೇರೆಯದೇ ಚೀಲ ಇರಲಿ. ಅದರಲ್ಲಿ ಏನೇನು ಇರಬೇಕು?

ಎರಡು ಮೂರು ಜೊತೆ ಬಟ್ಟೆ, ಕುಲಾವಿ. ಏಳೆಂಟು ಲಂಗೋಟಿ. ಒದ್ದೆ ಬಟ್ಟೆ ಹಾಕಲು ಪ್ಲಾಸ್ಟಿಕ್ ಕವರು. ಸಾಬೂನು, ಕೈವಸ್ತ್ರ. ಬಟ್ಟಲು, ಚಮಚ. ಕಾಯಿಸಿ ಆರಿಸಿದ ನೀರು. ಒಂದು ಓಆರ್‌ಎಸ್ ಪೊಟ್ಟಣ. ತಾಯಿ ಕಾರ್ಡಿನ ಜೆರಾಕ್ಸ್ ಪ್ರತಿ.

ಜೊತೆಗೆ ಒಂದು ಹಳೆಯ ಹತ್ತಿ ಸೀರೆ ಇರಲಿ. ಹಾಸಿದರೆ ಅದು ಹಾಸಿಗೆ. ಹೊದಿಸಿದರೆ ಹೊದಿಕೆ. ಹಿಡಿದರೆ ನೆರಳು. ಕೂಸಿಗೆ ಹಾಲು ಕೊಡುವಾಗ ಮರೆ. ಇದಕ್ಕೆ ಬಾಡಿಗೆ ಇಲ್ಲ!

ಹಾಲು, ಊಟ

ಆರು ತಿಂಗಳು ತುಂಬದ ಕೂಸಿಗೆ ತಾಯಿಯ ಹಾಲು ಮಾತ್ರ ಸಾಕು. ಬೇರೆ ನೀರೂ ಬೇಡ. ಬಿಸಿಲಿನ ದಿನವೂ ಬೇಡ. ತಾಯಿ ಹೆಚ್ಚು ನೀರು ಕುಡಿಯಬೇಕು. ಹೆಚ್ಚು ಸಲ ಹಾಲು ಕೊಡಬೇಕು. ತಾಯಿಯ ಹಾಲಿಗೆ ಬಾಟಲಿ ಬೇಡ, ಒಲೆ ಬೇಡ, ಕಾಸೂ ಬೇಡ. ಹಲವು ದೊಡ್ಡ ಬಸ್ ನಿಲ್ದಾಣಗಳಲ್ಲಿ ಹಾಲು ಕೊಡಲು ಕೋಣೆ ಇರುತ್ತದೆ. ಬೋರ್ಡು ಓದಿ ನೋಡಿ. ಕೋಣೆ ಇಲ್ಲದಿದ್ದರೆ ನೆರಳಲ್ಲಿ ಕೂತು ಹಾಲು ಕೊಡಿ. ಹಸಿದ ಕೂಸಿಗೆ ಹಾಲು ಕೊಡುವುದರಲ್ಲಿ ನಾಚಿಕೆ ಏನಿದೆ?

ಆರು ತಿಂಗಳು ದಾಟಿದ ಕೂಸಿಗೆ ಹಾಲಿನ ಜೊತೆ ಮೆತ್ತನೆಯ ಊಟ ಬೇಕು. ಬೆಳಗ್ಗೆ ಮಾಡಿದ ರಾಗಿ ಸರಿ ಮಧ್ಯಾಹ್ನದ ಹೊತ್ತಿಗೆ ಹಳಸಬಹುದು. ಹುರಿದ ಅವಲಕ್ಕಿ ಪುಡಿ ಒಯ್ಯಿರಿ. ಫ್ಲಾಸ್ಕಿನ ಬಿಸಿನೀರಿನಲ್ಲಿ ಆಗಾಗ ಕಲೆಸಿ ಕೊಡಿ. ಬಾಳೆಹಣ್ಣು ಇನ್ನೂ ಸುಲಭ. ಅದರ ಸಿಪ್ಪೆಯೇ ಅದಕ್ಕೆ ಮುಚ್ಚಳ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬೇಡಿ. ರಸ್ತೆಬದಿಯ ಐಸು, ಬಣ್ಣದ ನೀರು ಬೇಡವೇ ಬೇಡ.

ಉಳಿದವರಿಗೆ ಚಪಾತಿ, ರೊಟ್ಟಿ, ಚಟ್ನಿಪುಡಿ, ಚಿತ್ರಾನ್ನ ಕಟ್ಟಿಕೊಳ್ಳಿ. ಒಳಗೆ ಬಿಡದಿದ್ದರೆ ಗೇಟಿನ ಹೊರಗೇ ನೆರಳಲ್ಲಿ ಕೂತು ಉಂಡು ಹೋಗಿ. ಆದರೆ ಕೂಸಿನ ಆಹಾರಕ್ಕೆ ಅವಕಾಶ ಕೇಳಿ. ಕೇಳಿದರೆ ಸಾಮಾನ್ಯವಾಗಿ ಬಿಡುತ್ತಾರೆ.

ಅಂಗಡಿಯಲ್ಲಿ ನೀರಿನ ಬಾಟಲಿ, ಬಿಸ್ಕತ್ತು ಕೊಂಡರೆ ಮೇಲಿನ ಬೆಲೆ ಓದಿ. ಎಂ.ಆರ್.ಪಿ. ಅಂತ ಬರೆದಿರುತ್ತದೆ. ಅಂಗಡಿಯವರು ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಕೇಳಿದರೆ ಬೆಲೆಯ ಮೇಲೆ ಬೆರಳಿಟ್ಟು ತೋರಿಸಿ. ದೂರು ಹೇಳಲು ಗ್ರಾಹಕರ ಸಹಾಯವಾಣಿ 1915 ಇದೆ. ಕೂತು ತಿನ್ನುವ ಹೋಟೆಲಿನ ಲೆಕ್ಕ ಬೇರೆ. ಅಲ್ಲಿ ಮೊದಲೇ ದರಪಟ್ಟಿ ಓದಬೇಕು.

ಕೂಸನ್ನು ಎತ್ತಿಕೊಳ್ಳುವವರು ಯಾರು?

ಹಣದ ಲೆಕ್ಕ ಆಯಿತು. ಇನ್ನೊಂದು ಲೆಕ್ಕ ಉಳಿದಿದೆ. ಹೊತ್ತಿನ ಲೆಕ್ಕ.

ಎಷ್ಟೋ ಪ್ರವಾಸಗಳಲ್ಲಿ ನಾವು ನೋಡುವುದು ಏನು? ಎಲ್ಲರೂ ಆಡಲು ಓಡುತ್ತಾರೆ. ತಾಯಿ ಒಂದು ಕಲ್ಲುಬೆಂಚಿನ ಮೇಲೆ ಕೂತಿರುತ್ತಾಳೆ. ಮಡಿಲಲ್ಲಿ ಕೂಸು. ಪಕ್ಕದಲ್ಲಿ ಎಲ್ಲರ ಚಪ್ಪಲಿ, ಎಲ್ಲರ ಚೀಲ. ಸಂಜೆಯವರೆಗೂ ಅಲ್ಲೇ. ಅವಳ ಪಾಲಿಗೆ ಅದು ಪ್ರವಾಸವೇ? ಮನೆಯ ಕಾವಲು ಪಾರ್ಕಿಗೆ ಬಂದಂತಾಯಿತು, ಅಷ್ಟೆ.

ಅದಕ್ಕೆ ಮನೆ ಬಿಡುವ ಮೊದಲೇ ಸರದಿ ಗೊತ್ತು ಮಾಡೋಣ. ಒಂದು ಗಂಟೆ ತಾಯಿ. ಒಂದು ಗಂಟೆ ತಂದೆ. ಅರ್ಧ ಗಂಟೆ ಅಜ್ಜಿ. ಹಾಲು ಕುಡಿದ ಕೂಸು ಒಂದು ಗಂಟೆ ಯಾರ ಹೆಗಲ ಮೇಲಾದರೂ ಇರುತ್ತದೆ. ತಂದೆಯ ಹೆಗಲೂ ಹೆಗಲೇ. ಆ ಒಂದು ಗಂಟೆ ತಾಯಿ ಕೈಬೀಸಿಕೊಂಡು ಓಡಾಡಲಿ. ಉಯ್ಯಾಲೆ ಆಡಲಿ. ಬೇಕಿದ್ದರೆ ಸುಮ್ಮನೆ ಮರದ ಕೆಳಗೆ ಕಾಲು ಚಾಚಿ ಕೂರಲಿ.

"ಗಂಡಸರು ಕೂಸು ಎತ್ತಿಕೊಂಡರೆ ಜನ ಏನಂತಾರೆ?" ಅಂತ ಯಾರಾದರೂ ಕೇಳಬಹುದು. ಏನೂ ಅನ್ನುವುದಿಲ್ಲ. ಅಂದರೂ ಅವರು ನಮ್ಮ ಟಿಕೆಟಿನ ಹಣ ಕೊಟ್ಟಿಲ್ಲ.

ಹುಷಾರಾಗಿರೋಣ

ಕೂಸನ್ನು ನೇರ ಬಿಸಿಲಿಗೆ ಒಡ್ಡಬೇಡಿ. ನಡುಮಧ್ಯಾಹ್ನ ನೆರಳಲ್ಲಿ ಇರಿ. ಜೋರು ಸದ್ದಿನ ಪೆಟ್ಟಿಗೆಗಳ ಹತ್ತಿರ ಕೂಸನ್ನು ಒಯ್ಯಬೇಡಿ. ಎಲ್ಲರೂ ಇಳಿಯುವ ನೀರಿನ ಕೊಳಕ್ಕೆ ಎಳೆಕೂಸನ್ನು ಇಳಿಸಬೇಡಿ.

ಕೂಸಿಗೆ ವಾಂತಿ ಭೇದಿ ಆದರೆ ಹಾಲು ನಿಲ್ಲಿಸಬೇಡಿ. ಓಆರ್‌ಎಸ್ ನೀರನ್ನು ಚಮಚದಲ್ಲಿ ಸ್ವಲ್ಪ ಸ್ವಲ್ಪ ಕೊಡಿ. ಬೇಗ ಡಾಕ್ಟರ ಬಳಿ ಹೋಗಿ.

ಓಡಾಡುವ ಮಕ್ಕಳ ಜೇಬಿನಲ್ಲಿ ಒಂದು ಚೀಟಿ ಇಡಿ. ಅದರಲ್ಲಿ ಮಗುವಿನ ಹೆಸರು, ಊರು, ನಮ್ಮ ಫೋನ್ ನಂಬರು ಇರಲಿ. ಆ ಚೀಟಿಯನ್ನು ನಾವೇ ಬರೆಯೋಣ. ಮೊದಲು ಇದಕ್ಕೂ ಇನ್ನೊಬ್ಬರನ್ನು ಕೇಳಬೇಕಿತ್ತು. ಈಗ ಕೇಳಬೇಕಾಗಿಲ್ಲ.

ಈ ನಂಬರುಗಳು ಬಾಯಿಪಾಠ ಇರಲಿ. ತುರ್ತು ಸಹಾಯಕ್ಕೆ 112. ಆಂಬುಲೆನ್ಸಿಗೆ 108. ಮಕ್ಕಳ ಸಹಾಯವಾಣಿ 1098.

ಮನೆಗೆ ಬಂದ ಮೇಲೆ

ರಾತ್ರಿ ದಣಿವಾಗಿರುತ್ತದೆ. ಮಲಗಿ. ಮರುದಿನ ಹಾಳೆ ತೆಗೆಯಿರಿ. ಅಂದುಕೊಂಡ ಖರ್ಚು ಒಂದು ಕಡೆ ಬರೆಯಿರಿ. ಆದ ಖರ್ಚು ಇನ್ನೊಂದು ಕಡೆ ಬರೆಯಿರಿ. ಎಲ್ಲಿ ಹೆಚ್ಚಾಯಿತು? ಎಲ್ಲಿ ಉಳಿಯಿತು? ಆಪತ್ತಿನ ಹಣ ಉಳಿದಿದ್ದರೆ ಮತ್ತೆ ಡಬ್ಬಿಗೆ ಹಾಕಿ. ಮುಂದಿನ ವರ್ಷದ ಪ್ರವಾಸ ಆಗಲೇ ಶುರುವಾಯಿತು.

ನೀವೇ ಬರೆಯಿರಿ

1. ನಿಮ್ಮ ಮನೆಯಿಂದ ಎಷ್ಟು ಜನ ಹೋಗುತ್ತೀರಿ? ಬಸ್ಸಿನಲ್ಲಿ ಯಾರಿಗೆ ಟಿಕೆಟಿನ ಹಣ ಬೇಕು? ಯಾರಿಗೆ ಬೇಡ?

2. ನಿಮ್ಮ ಪ್ರವಾಸಕ್ಕೆ 2400 ರೂಪಾಯಿ ಬೇಕು. ದಿನಕ್ಕೆ 20 ರೂಪಾಯಿ ಕೂಡಿಟ್ಟರೆ ಎಷ್ಟು ದಿನ ಬೇಕು?

3. ಕೂಸನ್ನು ಯಾರು ಎಷ್ಟು ಹೊತ್ತು ನೋಡಿಕೊಳ್ಳುತ್ತಾರೆ? ಹೆಸರಿನ ಮುಂದೆ ಗಂಟೆ ಬರೆಯಿರಿ. ಬರೆದ ಹಾಳೆಯನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದಿರಿ.